ಬಿದಿರು ಮೆಳೆಯ ಕೆಳಗಿನ ದರಗಿನ ಗುಡ್ಡೆ

ನಾನು ನಿಂತಿದ್ದದ್ದು ನಮ್ಮ ಮನೆಯ ಹಿಂದಿನ ಕಾಫಿ ಕಣದ ತುದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಎಡಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಇತ್ತು, ಕಂಕುಳಲ್ಲಿ ಊರುಗೋಲು. ಕೆಲವು ವರ್ಷಗಳ ಹಿಂದೆ, ಯುಗಾದಿ ಕಳೆದು ಎರಡನೆಯ ವಾರ. ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಪಶ್ಚಿಮಕ್ಕೆ ಮೋಡ ಕಟ್ಟಿತ್ತು, ಆದರೆ ನಮ್ಮ ಮೇಲೆ ಇನ್ನೂ ಬಿಸಿಲಿತ್ತು. ಕಣದಿಂದ ಕೆಳಗೆ ಇಳಿಜಾರು, ಇಳಿಜಾರಿನ ತುದಿಯಲ್ಲಿ ಬಿದಿರು ಮೆಳೆ. ನನಗೂ ಮೆಳೆಗೂ ನಡುವೆ ಎರಡು ಬಸ್ಸುಗಳನ್ನು ಹಿಂದೆ ಮುಂದೆ ನಿಲ್ಲಿಸುವಷ್ಟು ದೂರ. ನಾನು ಸರ್ಕಾರಿ ಬಸ್ಸಿನ ಡ್ರೈವರ್, ದೂರವನ್ನು ಹಾಗೆ ಅಳೆಯುವುದು ಅಭ್ಯಾಸವಾಗಿದೆ. ನಡುವೆ ಮರಗಳಿರಲಿಲ್ಲ. ಹಿಂದಿನ ವರ್ಷ ನೆಟ್ಟ, ಮೊಣಕಾಲೆತ್ತರದ ಕಾಫಿ ಗಿಡಗಳು ಮಾತ್ರ. ಆದ್ದರಿಂದ ಕಂಡದ್ದು ಪೂರ್ತಿ ಕಂಡಿತು.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೋದ ವಾರ ಸಕಲೇಶಪುರದಿಂದ ಹಾನುಬಾಳಿಗೆ ಬಸ್ಸು ತರುತ್ತಿದ್ದೆ. ಹೂಮಳೆ ಬಿದ್ದು ಕೆಲವು ದಿನಗಳಾಗಿದ್ದವು. ರಸ್ತೆಯ ಎರಡೂ ಕಡೆ ಕಾಫಿ ಹೂ ಬಿರಿದು, ಅದರ ವಾಸನೆ ಬಸ್ಸಿನ ಒಳಗೆಲ್ಲ ತುಂಬಿತ್ತು. ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ನಮ್ಮ ಮನೆಯ ಮೇಲಿನ ತಿರುವು ಬಂದಾಗ ಒಬ್ಬ ಕಿಟಕಿಯಿಂದ ಕೈ ತೋರಿಸಿದ.

‘ಅಲ್ಲೇ ಕಣೋ, ಕೆಳಗಡೆ. ಕಾಳಿಂಗ ಸರ್ಪ ಒಬ್ಳಿಗೆ ಹೊಡೆದ್ಬುಡ್ತಂತೆ. ಕುಕ್ಕೆ ಹೊತ್ಕಂಡಂಗೇ ಪ್ರಾಣ ಹೋಯ್ತಂತೆ.’

‘ಕುಕ್ಕೆ ಬೀಳ್ಲಿಲ್ವ?’

‘ಇಲ್ಲ ಮಾರಾಯ. ನಿಂತಂಗೇ ನಿಂತಿದ್ಲಂತೆ.’

ನಾನು ತಿರುವು ನೋಡಿಕೊಂಡು ಸ್ಟೇರಿಂಗ್ ತಿರುಗಿಸಿದೆ. ಓಡುವ ಬಸ್ಸಿನಲ್ಲಿ ಜಗಳ ಮಾಡುವಂತಿಲ್ಲ. ಆದರೆ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಹಾವು ನಿಜ, ಕುಕ್ಕೆ ನಿಜ. ಉಳಿದದ್ದನ್ನು ಕಂಡವನಾಗಿ ನಾನು ಬರೆದಿಡಬೇಕು ಅನ್ನಿಸಿತು.

ಆ ವರ್ಷ ಫೆಬ್ರವರಿಯಲ್ಲಿ, ರಜೆಯ ದಿನ, ಕಾಳುಮೆಣಸು ಕೊಯ್ಯಲು ಮರ ಹತ್ತಿದ್ದೆ. ನಮ್ಮ ಕಡೆ ಮೆಣಸು ಕೊಯ್ಯುವುದು ಒಂಟಿ ಬಿದಿರಿನ ಏಣಿಯಲ್ಲಿ, ಗೆಣ್ಣಿಗೆ ಹೆಬ್ಬೆರಳು ಊರಿ ಹತ್ತಬೇಕು. ಕಾಫಿಗೆ ನೆರಳಾಗಲೆಂದು ನೆಟ್ಟ ಸಿಲ್ವರ್ ಮರದ ಮೇಲೆ ಏಣಿಯ ತಲೆ ಜಾರಿತು. ನಾನು ಬಿದ್ದೆ, ಕಾಲಿನ ಮೂಳೆ ಮುರಿಯಿತು. ಪಕ್ಕದ ಮನೆಯಲ್ಲೇ ಇರುವ ನನ್ನ ಅಣ್ಣ ಮಲ್ಲೇಶ ನನ್ನನ್ನು ಎತ್ತಿಕೊಂಡು ಹೋಗುವಾಗಲೂ ಸುಮ್ಮನಿರಲಿಲ್ಲ. ‘ಇಷ್ಟು ವರ್ಷ ಘಾಟಿ ರಸ್ತೇಲಿ ಬಸ್ ಓಡ್ಸಿ ಏನೂ ಆಗ್ಲಿಲ್ಲ. ಮೆಣಸಿನ ಬಳ್ಳಿಂದ ಬಿದ್ಯಲ್ಲೋ ಲೋಕಿ!’

ಹೀಗೆ ಆ ವಸಂತವನ್ನು ನಾನು ಮನೆಯಲ್ಲಿ ಕಳೆದೆ. ನೌಕರಿಗೆ ಸೇರಿದ ಮೇಲೆ ಬೆಳಗಿನ ಜಾವ ಹೊರಟು ಕತ್ತಲಾದ ಮೇಲೆ ಬರುವವನಿಗೆ, ನಮ್ಮ ಹಿತ್ತಲು ಹಗಲಿನಲ್ಲಿ ಹೇಗಿರುತ್ತದೆ ಎಂಬುದೇ ಮರೆತಿತ್ತು. ಹೆಂಡತಿ ಸರೋಜ ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಟ್ಟಳು, ಕಾಲಿಡಲು ಒಂದು ಸ್ಟೂಲು. ಅಲ್ಲಿಂದ ಹೂವಿನ ಗಿಡಗಳು, ತರಕಾರಿ ಮಡಿ, ಕಣ, ಕೆಳಗಿನ ಮೆಳೆ, ಪಕ್ಕಕ್ಕೆ ಅಣ್ಣನ ಮನೆಯ ಬೇಲಿ, ಎಲ್ಲ ಕಾಣುತ್ತಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಓತಿಕ್ಯಾತ. ಬೇಲಿಯ ಒಂದು ಗೂಟ ಅವನದು. ಬಿಸಿಲು ಏರುತ್ತಿದ್ದಂತೆ ತಲೆಯಿಂದ ಭುಜದವರೆಗೆ ಕುಂಕುಮ ಬಳಿದಂತೆ ಕೆಂಪಾಗಿ, ಮುಂಗಾಲು ಊರಿ ದಂಡ ಹೊಡೆಯುತ್ತಿದ್ದ. ಇನ್ನೊಂದು ಗಂಡು ಪಕ್ಕದ ಗೂಟಕ್ಕೆ ಬಂದರೆ ಇಬ್ಬರೂ ಗಂಟಲು ಉಬ್ಬಿಸಿ ನಿಲ್ಲುತ್ತಿದ್ದರು. ಸೋತವನ ಬಣ್ಣ ನೋಡನೋಡುತ್ತಲೇ ಇಳಿದು ಹೋಗುತ್ತಿತ್ತು. ಒಗೆಯುವ ಕಲ್ಲಿನ ಸಂದಿಯಿಂದ ಹಾವುರಾಣಿಗಳು ಹೊರಬಂದು, ಎಣ್ಣೆ ಸವರಿದಂತಹ ಮೈಯನ್ನು ಬಿಸಿಲಿಗೆ ಒಡ್ಡಿ ಮಲಗುತ್ತಿದ್ದವು. ಸಿಲ್ವರ್ ಮರದ ಮೇಲೆ ಹಾರುವ ಓತಿ ಇತ್ತು. ತೊಗಟೆಯದೇ ಬಣ್ಣ. ಗಂಟಲಿನ ಹಳದಿ ಪಟ್ಟಿಯನ್ನು ಚಾಚಿ ಮಡಚಿದಾಗ ಮಾತ್ರ ಅದು ಅಲ್ಲಿದೆ ಎಂದು ತಿಳಿಯುತ್ತಿತ್ತು. ಒಮ್ಮೆ ಅದು ಮರ ಬಿಟ್ಟು ತೇಲಿಕೊಂಡು ಕಣದ ಆಚೆಯ ಮರಕ್ಕೆ ಹೋಯಿತು. ಹುಟ್ಟಿದಾಗಿನಿಂದ ಇಲ್ಲೇ ಇದ್ದವನು ನಾನು, ಅದು ಹಾರಿದ್ದನ್ನು ನೋಡಿದ್ದು ಅದೇ ಮೊದಲು.

ಕೇರೆ ಹಾವುಗಳು ಎರಡಿದ್ದವು. ಒಂದು ದಿನ ಬೆಳಿಗ್ಗೆ ತರಕಾರಿ ಮಡಿಯ ಪಕ್ಕ ಎರಡೂ ಒಂದಕ್ಕೊಂದು ಹೆಣೆದುಕೊಂಡು ಎದ್ದು ನಿಂತವು. ಹಾಗೆ ಹೆಣೆದುಕೊಂಡ ಹಾವುಗಳ ಮೇಲೆ ಹೊಸ ಬಟ್ಟೆ ಹಾಕಿ, ಆ ಬಟ್ಟೆಯನ್ನು ಮನೆಯಲ್ಲಿಟ್ಟರೆ ಒಳ್ಳೆಯದಾಗುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. ಸರೋಜ ಒಳಗೆ ಓಡಿ ಯಾರೋ ಕೊಟ್ಟಿದ್ದ ಕುಪ್ಪಸದ ಕಣ ತಂದು ಎಸೆದಳು. ಹಾವುಗಳು ಬಟ್ಟೆಯ ಸಮೇತ ಉರುಳಿ ಬೇಲಿ ದಾಟಿ ಅಣ್ಣನ ಕಡೆಗೆ ಹೋದವು. ಬಟ್ಟೆ ಅಲ್ಲೇ ಉಳಿಯಿತು. ಸರೋಜ ಬೇಲಿಯ ಹತ್ತಿರ ಹೋಗಿ ನಿಂತು, ನೋಡಿ, ಹಾಗೇ ವಾಪಸು ಬಂದಳು. ತೆಗೆದುಕೊಡಿ ಎಂದು ಕೇಳುವ ಹಾಗಿರಲಿಲ್ಲ. ಆಗ ಅವಳಿಗೂ ನಮ್ಮ ಅತ್ತಿಗೆ ಗಿರಿಜಮ್ಮನಿಗೂ ಮಾತಿರಲಿಲ್ಲ.

ಮಾತು ನಿಂತದ್ದು ಎಲೆಯ ವಿಷಯಕ್ಕೆ. ಉದುರಿ ಒಣಗಿದ ಎಲೆಯನ್ನು ನಾವು ದರಗು ಎನ್ನುತ್ತೇವೆ. ಬೇಸಿಗೆಯಲ್ಲಿ ಅದನ್ನು ಗುಡಿಸಿ ಕೂಡಿಟ್ಟುಕೊಂಡರೆ ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಸಬಹುದು, ಇಲ್ಲದಿದ್ದರೆ ದನ ತಿಂಗಳುಗಟ್ಟಲೆ ಕೆಸರಿನಲ್ಲಿ ಮಲಗಬೇಕು. ಬಿದಿರಿನ ದರಗು ಎಲ್ಲಕ್ಕಿಂತ ಒಳ್ಳೆಯದು, ಹಗುರ, ಬೇಗ ಕೊಳೆಯುವುದಿಲ್ಲ. ಮನೆ ಪಾಲಾಗುವಾಗ ಅಪ್ಪ ಆ ಮೆಳೆಯನ್ನು ಯಾರ ಪಾಲಿಗೂ ಹಾಕದೆ ಇಬ್ಬರಿಗೂ ಇರಲಿ ಎಂದಿದ್ದರು. ಹಾಗಾಗಿ ಅದರ ಕೆಳಗೆ ಒಂದು ಪದ್ಧತಿ ನಡೆದು ಬಂದಿತ್ತು. ಯಾರು ಗುಡಿಸಿ ಗುಡ್ಡೆ ಮಾಡುತ್ತಾರೋ ಅವರು ಅದರ ಮೇಲೆ ಒಂದು ಹಸಿ ಸೊಪ್ಪಿನ ಟೊಂಗೆ ಇಡಬೇಕು. ಟೊಂಗೆ ಇದ್ದ ಗುಡ್ಡೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಟೊಂಗೆ ಇಲ್ಲದ್ದು ಯಾರಿಗೂ ಸೇರಿದ್ದಲ್ಲ.

ಜನವರಿಯಲ್ಲಿ ಅತ್ತಿಗೆ ಒಂದು ಗುಡ್ಡೆ ಮಾಡಿ ಟೊಂಗೆ ಇಟ್ಟು ಹೋಗಿದ್ದರು. ಅವರದೇ ಹಸು ಕೆಂಪಿ ಬಂದು ಆ ಟೊಂಗೆಯನ್ನು ತಿಂದು ಹೋಯಿತು. ಸರೋಜ ಟೊಂಗೆ ಇಲ್ಲದ ಗುಡ್ಡೆ ನೋಡಿ ಕುಕ್ಕೆಗೆ ತುಂಬಿಕೊಂಡು ಬಂದಳು. ಅತ್ತಿಗೆ ಕಳ್ಳಿ ಎಂದರು. ಅಷ್ಟೇ. ಅವತ್ತಿನಿಂದ ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡದೆ, ತಮ್ಮ ತಮ್ಮ ಹಸುವಿನ ಜೊತೆ ಮಾತಾಡತೊಡಗಿದರು.

‘ನಿಂಗಾದ್ರೂ ನಾಚ್ಕೆ ಐತೆ ಕಣೇ ಕೆಂಪಿ,’ ಎಂದು ಬೇಲಿಯ ಆಚೆಯಿಂದ ಅತ್ತಿಗೆಯ ದನಿ ಬರುತ್ತಿತ್ತು. ‘ಕೆಲವ್ರಿಗೆ ಬೇರೆಯವರು ಗುಡಿಸಿದ್ದನ್ನ ಬಾಚ್ಕಂಡು ಹೋಗೋದೇ ಬದುಕು.’

ಈಚೆಯಿಂದ ಸರೋಜ ನಮ್ಮ ಹಸು ನೀರು ಕುಡಿಯುವ ಬಾನಿಗೆ ನೀರು ಸುರಿಯುತ್ತ, ‘ಕುಡಿಯೇ ಗೌರಿ, ಕುಡಿ. ಸೊಪ್ಪು ತಿಂದಿದ್ದು ಅವ್ರ ಹಸ. ಕಳ್ರು ಮಾತ್ರ ನಾವು!’

ನಾನೂ ಅಣ್ಣನೂ ಸಂಜೆ ಬೇಲಿಯ ಹತ್ತಿರ ಕೂತು ಕಾಫಿ ಕುಡಿಯುವುದನ್ನು ಬಿಟ್ಟಿರಲಿಲ್ಲ. ಆದರೆ ಕುಡಿದ ಲೋಟವನ್ನು ನಾವು ನಾವೇ ತೊಳೆದುಕೊಳ್ಳುತ್ತಿದ್ದೆವು.

ಯುಗಾದಿಯ ಮಾರನೆಯ ವಾರ ಒಂದು ಬೆಳಿಗ್ಗೆ ಮೆಳೆಯ ಬುಡದಲ್ಲಿ ಒಂದು ಗುಡ್ಡೆ ಕಂಡಿತು. ಬಿದಿರಿನ ದರಗು, ಒತ್ತಾಗಿ ಪೇರಿಸಿದ್ದು. ಸುತ್ತಲಿನ ನೆಲ ಪೊರಕೆಯಾಡಿಸಿದಂತೆ ಬೋಳಾಗಿತ್ತು. ಮೇಲೆ ಟೊಂಗೆ ಇರಲಿಲ್ಲ.

‘ನೋಡಿದ್ರಾ?’ ಎಂದಳು ಸರೋಜ. ‘ಗುಡ್ಡೆ ಮಾಡಿ ಟೊಂಗೆ ಇಡ್ದೆ ಬುಟ್ಟವ್ರೆ. ನಾನು ಮುಟ್ಲಿ ಅಂತ. ಮುಟ್ಟಿದ್ ತಕ್ಷಣ ಊರ್ನೆಲ್ಲ ಕರೆಯಕ್ಕೆ.’

‘ಅತ್ತಿಗೆ ಗುಡಿಸಿದ್ದನ್ನ ನಾನು ನೋಡ್ಲಿಲ್ಲ.’

‘ನೀವು ಮಲ್ಗಿರ್ತೀರ.’

‘ಮಲ್ಗಿಲ್ಲ. ಇಲ್ಲೇ ಕೂತಿದೀನಿ.’

‘ಕಣ್ಣು ಬಿಟ್ಕಂಡು ಮಲ್ಗೋರೂ ಇರ್ತಾರೆ ಬುಡಿ.’

ಅವತ್ತು ಸಂಜೆ ಅಣ್ಣ ಲೋಟ ಹಿಡಿದು ಬಂದು ಕೂತವನೇ, ‘ಸರೋಜ ಮೆಳೆ ಕೆಳಗೆ ಗುಡ್ಡೆ ಹಾಕಿ ಟೊಂಗೆ ಇಟ್ಟಿಲ್ವಂತೆ? ನಿಮ್ಮತ್ತಿಗೆ ನೆಮ್ಮದಿಯಾಗಿ ಉಣ್ಣಕ್ ಬುಡ್ತಿಲ್ಲ’ ಎಂದ.

‘ಅವಳು ಹಾಕಿಲ್ಲಣ್ಣ. ಅತ್ತಿಗೆ ಹಾಕಿದ್ದು ಅಂತಾಳೆ.’

‘ಇವಳೂ ಹಾಕಿಲ್ವಂತೆ. ಹಂಗಾರೆ ಯಾರು ಹಾಕಿದ್ರೋ ಮಾರಾಯ, ಗಾಳಿನಾ?’

ಇಬ್ಬರೂ ನಕ್ಕೆವು. ಹೆಂಗಸರಿಬ್ಬರೂ ಹಟ ಹಿಡಿದಿದ್ದಾರೆ, ಯಾರಾದರೊಬ್ಬರು ಸೋತು ಟೊಂಗೆ ಇಡುತ್ತಾರೆ ಎಂದುಕೊಂಡೆವು. ಮುಂದಿನ ದಿನಗಳಲ್ಲಿ ಗುಡ್ಡೆ ಇನ್ನೂ ಬೆಳೆಯಿತು. ಮೊಣಕಾಲೆತ್ತರವಿದ್ದದ್ದು ತೊಡೆಯ ಮಟ್ಟಕ್ಕೆ ಬಂತು. ಬೆಳೆದಷ್ಟೂ ಇಬ್ಬರ ಅನುಮಾನವೂ ಬೆಳೆಯಿತು. ಅದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದರ ಹತ್ತಿರ ಕಾಣಿಸಿಕೊಳ್ಳುವುದೂ ಅವಮಾನವೆಂಬಂತೆ, ಇಬ್ಬರೂ ಸುತ್ತು ಬಳಸಿ ಓಡಾಡಿದರು.

ಆ ದಿನಗಳಲ್ಲಿ ನಾನು ಕಂಡದ್ದನ್ನೂ ಇಲ್ಲಿ ಸೇರಿಸುತ್ತೇನೆ. ಕೇರೆ ಹಾವುಗಳು ಕಾಣದಾದವು. ಮೆಳೆಯಲ್ಲಿ ಹರಟೆಮಲ್ಲ ಹಕ್ಕಿಗಳು ಗುಂಪಾಗಿ ಕೂತು, ಕೆಳಗೆ ನೋಡುತ್ತ ಗಲಾಟೆ ಮಾಡುತ್ತಿದ್ದವು. ಕೋಳಿಗಳು ಅತ್ತ ಹೋಗುವುದನ್ನು ಬಿಟ್ಟವು. ಅಣ್ಣ ಕಾಫಿಗೆ ನೀರು ಹಾಯಿಸಲು ಕಪ್ಪು ಪೈಪುಗಳನ್ನು ಎಳೆದಿದ್ದ. ಒಂದು ಮಧ್ಯಾಹ್ನ ಮೆಳೆಯ ಹಿಂದೆ ಪೈಪು ಸರಿದಂತೆ ಕಂಡಿತು. ಅಣ್ಣ ಪೈಪು ಎಳೆಯುತ್ತಿದ್ದಾನೆ ಅಂದುಕೊಂಡೆ. ಅದೇ ಹೊತ್ತಿಗೆ ಅವನ ಕೆಮ್ಮು ಮನೆಯೊಳಗಿಂದ ಕೇಳಿತು. ಹಾಗಿದ್ದರೆ ಆಳು ಎಳೆಯುತ್ತಿರಬೇಕು ಅಂದುಕೊಂಡು, ಆ ವಿಷಯ ಅಲ್ಲಿಗೇ ಬಿಟ್ಟೆ. ಬಿಡಿಬಿಡಿಯಾಗಿ ಕಂಡದ್ದು ಇಷ್ಟು. ಅವನ್ನೆಲ್ಲ ಸೇರಿಸಿ ನೋಡಲು ಆಗ ಕಾರಣವಿರಲಿಲ್ಲ.

ಇನ್ನು ಆ ಮಧ್ಯಾಹ್ನ.

ಮೋಡ ಕಟ್ಟಿದ್ದನ್ನು ಸರೋಜ ಅಂಗಳದಲ್ಲಿ ನಿಂತು ನೋಡಿದಳು. ಮಳೆಗೆ ನೆಂದ ದರಗು ಕೂಡಿಡಲು ಬರುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಕುಕ್ಕೆ ಮತ್ತು ಪೊರಕೆ ತೆಗೆದುಕೊಂಡಳು.

‘ಯಾರ್ ಏನ್ ಅಂದ್ರೂ ಅನ್ಲಿ. ಅಲ್ಲಿ ನೆಂದು ಕೊಳೆಯೋದಕ್ಕಿಂತ ನಮ್ ಗೌರಿ ಮೈ ಕೆಳಗಾದ್ರೂ ಇರ್ಲಿ.’

ಅವಳು ಇಳಿಜಾರಿಗೆ ಇಳಿದಳು. ಏನು ಮಾತಾಗುತ್ತದೋ ಎಂದು ನಾನು ಊರುಗೋಲು ಹಿಡಿದು ಒಗೆಯುವ ಕಲ್ಲಿನವರೆಗೆ ಬಂದೆ. ಅಲ್ಲಿಂದ ಮುಂದೆ ಇಳಿಜಾರು, ನನಗೆ ಸಾಧ್ಯವಿರಲಿಲ್ಲ. ಅತ್ತ ಬೇಲಿಯ ಕಿಂಡಿಯಿಂದ ಅತ್ತಿಗೆಯೂ ಹೊರಟಿದ್ದರು, ತಲೆಯ ಮೇಲೆ ಖಾಲಿ ಕುಕ್ಕೆ. ಅವರೂ ಅದೇ ಮೋಡವನ್ನು ನೋಡಿದ್ದರು. ಸರೋಜಳನ್ನು ಕಂಡು ನಡಿಗೆ ಜೋರು ಮಾಡಿದರು. ಸರೋಜಳೂ ಜೋರು ಮಾಡಿದಳು.

ಅಣ್ಣ ತನ್ನ ಕಣದಲ್ಲಿ ಪೈಪು ಸುತ್ತುತ್ತಿದ್ದ. ಮೇಲಿನ ರಸ್ತೆಯಲ್ಲಿ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೂವಯ್ಯ ಜೀಪು ನಿಲ್ಲಿಸಿ, ಸಿಗ್ನಲ್ ಸಿಗುವ ಜಾಗ ಹುಡುಕುತ್ತ ಫೋನು ಹಿಡಿದು ನಿಂತಿದ್ದರು. ನಮ್ಮ ಹೆಂಗಸರ ಓಟ ಕಂಡು, ‘ಗಿರಿಜಮ್ನೋರೇ, ಜೋರಾಗಿ!’ ಎಂದು ಕೂಗಿದ್ದೂ ಕೇಳಿಸಿತು.

ಅತ್ತಿಗೆಯೇ ಮೊದಲು ಮುಟ್ಟಿದರು. ಕುಕ್ಕೆ ಇಳಿಸಿ, ಬಗ್ಗಿ, ಎರಡೂ ತೋಳುಗಳಲ್ಲಿ ಗುಡ್ಡೆಯ ಈಚೆ ಬದಿಯಿಂದ ದರಗು ಬಾಚಿ ಎದೆಗೆ ಅವುಚಿಕೊಂಡು ಎದ್ದರು. ಅವರು ಎದ್ದಂತೆಯೇ ಗುಡ್ಡೆಯ ಮೇಲಿಂದ ಅದೂ ಎದ್ದಿತು.

ಮೊದಲ ಕ್ಷಣ ನನಗೆ ಪೈಪು ಎಂದೇ ಅನ್ನಿಸಿತು. ಆಮೇಲೆ ಹೆಡೆ ಕಂಡಿತು. ನಾಗರಹಾವಿನಂತೆ ಅಗಲವಲ್ಲ, ಉದ್ದ, ಕಿರಿದು. ಕತ್ತಿನ ಕೆಳಗೆ ಮಾಸಲು ಹಳದಿ, ಬೆನ್ನು ಕಪ್ಪು, ಕಪ್ಪಿನ ಮೇಲೆ ಮಬ್ಬು ಪಟ್ಟೆಗಳು. ಅದರ ತಲೆ ಅತ್ತಿಗೆಯ ಎದೆಯ ಮಟ್ಟಕ್ಕಿತ್ತು. ಇಬ್ಬರ ನಡುವೆ ಒಂದು ಮಾರಿನಷ್ಟೂ ಇರಲಿಲ್ಲ. ಅದು ಸದ್ದು ಮಾಡಿತು. ಬುಸ್ ಎನ್ನುವ ಸದ್ದಲ್ಲ. ತುಂಬಿದ ಬಸ್ಸು ಏರಿನಲ್ಲಿ ಮೊದಲ ಗೇರಿಗೆ ಬಿದ್ದಾಗ ತಳದಿಂದ ಬರುತ್ತದಲ್ಲ, ಅಂಥದ್ದು. ನಾನಿದ್ದ ಜಾಗಕ್ಕೆ ಕೇಳಿತು.

ಅತ್ತಿಗೆ ಕೂಗಲಿಲ್ಲ. ದರಗು ಅವುಚಿಕೊಂಡು ಹಾಗೇ ನಿಂತರು.

ಅಣ್ಣ ‘ಗಿರಿಜಾ!’ ಎಂದು ಪೈಪು ಬಿಸಾಡಿ ಓಡಿದ. ಸರೋಜ ಆಗ ಅತ್ತಿಗೆಯ ಎಡಕ್ಕೆ, ನಾಲ್ಕೈದು ಹೆಜ್ಜೆ ದೂರದಲ್ಲಿ, ಅವರ ಓರೆಗಣ್ಣಿಗೆ ಕಾಣುವಂತೆ ನಿಂತಿದ್ದಳು. ತಿರುಗಿ ನೋಡದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿ, ಅಂಗೈ ತೋರಿಸಿ ತಡೆದಳು. ಅಣ್ಣ ಬೇಲಿಯ ಹತ್ತಿರ ನಿಂತುಬಿಟ್ಟ. ಆಮೇಲೆ ಅವಳು ಮಾತಾಡಿದಳು. ಜನವರಿಯಿಂದ ಈಚೆಗೆ ಅತ್ತಿಗೆಗೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

‘ಅಕ್ಕಾ.’

ಅತ್ತಿಗೆ ಅಲ್ಲಾಡಲಿಲ್ಲ.

‘ಅಕ್ಕಾ, ಅದನ್ನ ನೋಡ್ಬ್ಯಾಡ. ನನ್ ಮುಖ ನೋಡು. ಕತ್ತು ತಿರುಗಿಸ್ಬ್ಯಾಡ, ಕಣ್ಣು ಮಾತ್ರ.’

ಅತ್ತಿಗೆಯ ಕಣ್ಣು ತಿರುಗಿತೋ ಇಲ್ಲವೋ ಅಷ್ಟು ದೂರಕ್ಕೆ ನನಗೆ ಕಾಣಲಿಲ್ಲ. ಆದರೆ ಸರೋಜ ಮುಂದುವರಿಸಿದಳು, ಹಾಲು ಕರೆಯುವಾಗ ಹಸುವಿನ ಜೊತೆ ಮಾತಾಡುವ ದನಿಯಲ್ಲಿ.

‘ಹಾಂ, ಹಂಗೆ. ದರಗು ಬುಡ್ಬ್ಯಾಡ, ಹಿಡ್ಕಂಡೇ ಇರು. ಒಂದ್ ಕಾಲು ಹಿಂದಕ್ ಇಡು. ನಿಧಾನ. ಒಂದೇ ಕಾಲು.’

ಅತ್ತಿಗೆಯ ಬಲಗಾಲು ಹಿಂದಕ್ಕೆ ಬಂತು. ಹಾವಿನ ತಲೆ ಅಷ್ಟೇ ಮುಂದಕ್ಕೆ ಬಂತು.

‘ದರಗೆಲ್ಲ ನಿಂದೇ ಕಣಕ್ಕ. ನಂಗೆ ಬ್ಯಾಡ. ಎಲ್ಲಾ ನೀನೇ ತಕ. ಇನ್ನೊಂದ್ ಕಾಲು.’

ಆಗ ಅತ್ತಿಗೆಯ ದನಿ ಕೇಳಿತು, ತೀರಾ ಸಣ್ಣಗೆ.

‘ನಾನ್ ಗುಡಿಸಿದ್ದಲ್ಲ ಕಣೇ ಸರೋಜಾ.’

‘ಗೊತ್ತಾಯ್ತು ಅಕ್ಕ. ನಾನೂ ಅಲ್ಲ. ಬಾ.’

ಎರಡನೆಯ ಹೆಜ್ಜೆ ಇಡುವಾಗ ಅವರ ಹಿಮ್ಮಡಿ ಕುಕ್ಕೆಗೆ ತಗುಲಿತು. ಕುಕ್ಕೆ ಉರುಳಿತು, ಅವರು ವಾಲಿದರು, ಅದೇ ಹೊತ್ತಿಗೆ ಹಾವು ಹೊಡೆಯಿತು. ಎದೆಯ ಮುಂದಿದ್ದ ದರಗು ಚೆದುರಿ ಹಾರಿತು. ಅತ್ತಿಗೆ ಹಿಂದಕ್ಕೆ, ಬಿದಿರಿನ ಮುಳ್ಳು ರೆಂಬೆಗಳ ಮೇಲೆ ಬಿದ್ದರು. ಸರೋಜ ಅವರ ಸೆರಗನ್ನೋ ತೋಳನ್ನೋ ಹಿಡಿದು ಎಳೆದಳು. ಇಬ್ಬರೂ ಕಾಫಿ ಗಿಡಗಳ ಮೇಲೆ ಉರುಳಿ ಈಚೆಗೆ ಬಂದರು. ಹಾವು ಬೆನ್ನಟ್ಟಲಿಲ್ಲ. ಹಾಗೇ ಎತ್ತರಕ್ಕೆ ನಿಂತು ನೋಡಿತು. ಆಮೇಲೆ ಮೈ ಇಳಿಸಿ ಗುಡ್ಡೆಯ ಮೇಲೆ ಸುತ್ತು ಹಾಕಿತು. ನಾನು ಕಂಡದ್ದು ಇಷ್ಟು. ಇದರಲ್ಲಿ ಒಂದು ವಿಷಯ ಮಾತ್ರ ನನಗೆ ಕಂಡಿರಲಿಲ್ಲ. ಅದು ಅತ್ತಿಗೆಗೆ ಕಚ್ಚಿತೋ ಇಲ್ಲವೋ.

ಅವರಿಗೂ ಗೊತ್ತಿರಲಿಲ್ಲ. ಅಣ್ಣ ಎತ್ತಿಕೊಂಡು ಕಣಕ್ಕೆ ತಂದಾಗ ಬಲಗೈಯಿಂದ ರಕ್ತ ಇಳಿಯುತ್ತಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಗೀರುಗಳು, ನಡುವೆ ಅಲ್ಲಲ್ಲಿ ಚುಚ್ಚಿದ ಗುರುತು.

‘ಉರೀತೈತಾ?’ ಎಂದ ಅಣ್ಣ.

‘ಎಲ್ಲಾ ಉರೀತೈತೆ.’

‘ಹಾವು ತಗುಲ್ತಾ? ಹೇಳೇ.’

‘ಗೊತ್ತಿಲ್ಲ ಅಂದೆ ಅಲ್ವಾ!’ ಎಂದು ಅತ್ತಿಗೆ ರೇಗಿದರು. ರೇಗಿದ್ದು ಕೇಳಿ ನಮಗೆಲ್ಲ ಸ್ವಲ್ಪ ಧೈರ್ಯ ಬಂತು.

ಹೂವಯ್ಯ ಜೀಪನ್ನು ಅಂಗಳದವರೆಗೆ ಇಳಿಸಿದ್ದರು. ಹಿಂದೆ ಅತ್ತಿಗೆ, ಸರೋಜ, ಅಣ್ಣ. ಪ್ಲಾಸ್ಟರ್ ಕಾಲು ಚಾಚಿಕೊಂಡು ಮುಂದಿನ ಸೀಟಿನಲ್ಲಿ ನಾನು. ಆ ರಸ್ತೆಯ ಒಂದೊಂದು ತಿರುವೂ ನನಗೆ ಗೊತ್ತು. ಅವತ್ತು ಅದು ಮುಗಿಯಲೇ ಇಲ್ಲ. ದಾರಿಯಲ್ಲಿ ಮಳೆ ಹಿಡಿಯಿತು. ಹಿಂದಿನಿಂದ ಸರೋಜಳ ಮಾತು ಒಂದೇ ಸಮನೆ ಕೇಳುತ್ತಿತ್ತು. ‘ಅಕ್ಕ, ನಿದ್ದೆ ಮಾಡ್ಬ್ಯಾಡ. ಕಣ್ಣು ಬುಟ್ಕಂಡಿರು. ಯಾರ್ ಹೆಸರಾದ್ರೂ ಹೇಳು. ಕೆಂಪಿ ಕರಾ ಯಾವಾಗ ಹಾಕ್ತು? ಹೇಳು.’ ಅತ್ತಿಗೆ ಹೇಳುತ್ತಿದ್ದರು. ವಿಷ ಏರಿ ರೆಪ್ಪೆ ಜೋತು ಬೀಳುತ್ತದೆಯೇ ಎಂದು ಅಣ್ಣ ಮೊಬೈಲಿನ ಬೆಳಕು ಹಾಕಿ ಹಾಕಿ ನೋಡುತ್ತಿದ್ದ.

ಸಕಲೇಶಪುರದ ಆಸ್ಪತ್ರೆಯಲ್ಲಿ ಡಾಕ್ಟರು ಗಾಯಗಳನ್ನು ಒಂದೊಂದಾಗಿ ತೊಳೆದು ನೋಡಿದರು. ಹೂವಯ್ಯ, ‘ಕಾಳಿಂಗನೇ ಸಾರ್, ನಾನು ನೋಡಿದೀನಿ’ ಎಂದರು. ಡಾಕ್ಟರು ಸುಳ್ಳು ಧೈರ್ಯ ಹೇಳಲಿಲ್ಲ. ಕಾಳಿಂಗದ ವಿಷಕ್ಕೆಂದೇ ಮಾಡಿದ ಔಷಧ ತಮ್ಮಲ್ಲಿಲ್ಲ, ಕಚ್ಚಿದ್ದರೆ ಬೇಗ ತಿಳಿಯುತ್ತದೆ, ಉಸಿರಾಟಕ್ಕೆ ತೊಂದರೆಯಾದರೆ ಹಾಸನಕ್ಕೆ ಕಳಿಸಲು ಗಾಡಿ ತಯಾರಿದೆ ಎಂದರು. ಅತ್ತಿಗೆ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಸರೋಜಳ ಕೈ ಬಿಡಲಿಲ್ಲ.

ನಾವು ಕಾದೆವು. ಅವರ ರೆಪ್ಪೆ ಇಳಿಯಲಿಲ್ಲ, ಮಾತು ತೊದಲಲಿಲ್ಲ. ಕತ್ತಲಾಗುವ ಹೊತ್ತಿಗೆ ಡಾಕ್ಟರು ಅಂಗೈಯ ಬುಡದಿಂದ ಮುರಿದ ಬಿದಿರು ಮುಳ್ಳಿನ ತುದಿಯನ್ನು ಚಿಮುಟದಲ್ಲಿ ಎಳೆದು ತೋರಿಸಿದರು. ಎಲ್ಲ ಗುರುತುಗಳೂ ಇದರವೇ ಎಂದರು. ಹಾವು ಹೊಡೆದದ್ದು ಎದೆಗೆ ಅವುಚಿಕೊಂಡಿದ್ದ ದರಗಿಗೆ. ಹಲ್ಲು ಮೈಗೆ ಮುಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಮನೆಗೆ ಬಂದೆವು.

ಅರಣ್ಯ ಇಲಾಖೆಯವರು ಬಂದು ದೂರದಿಂದ ನೋಡಿ, ಹೆಣ್ಣು ಕಾಳಿಂಗ, ಮೊಟ್ಟೆ ಇಡಲು ಗೂಡು ಕಟ್ಟಿದೆ ಎಂದರು. ಕೈಯಿಲ್ಲದ ಹಾವು ಮೈ ಸುತ್ತು ಮಾಡಿ ಎಲೆಗಳನ್ನು ಎಳೆದೆಳೆದು ಪೇರಿಸುತ್ತದಂತೆ. ಅಣ್ಣ ಅದನ್ನು ಹಿಡಿದು ಬೇರೆ ಕಡೆ ಬಿಡಿ ಎಂದು ಕೇಳಿಕೊಂಡ. ಗೂಡು ಕೆಡಿಸಿದರೆ ಮೊಟ್ಟೆ ಹಾಳಾಗುತ್ತವೆ, ನೀವೇ ಅತ್ತ ಹೋಗದಿದ್ದರೆ ಅದೂ ನಿಮ್ಮ ತಂಟೆಗೆ ಬರುವುದಿಲ್ಲ ಎಂದರು. ಅಣ್ಣನಿಗೆ ಸಮಾಧಾನವಾಗಲಿಲ್ಲ. ತೀರ್ಮಾನ ಮಾಡಿದ್ದು ಅತ್ತಿಗೆ, ಒಳಗೆ ಮಲಗಿ ಜ್ವರದಲ್ಲಿದ್ದವರು. ‘ಅದು ಕಷ್ಟಪಟ್ಟು ಕೂಡ್ಸಿದ್ದನ್ನ ನಾನು ಬಾಚ್ಕಳಕ್ ಹೋದೆ. ಇರ್ಲಿ ಬುಡಿ,’ ಎಂದರು. ಮೆಳೆಯ ಸುತ್ತ ದೂರದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿದೆವು. ಆ ಬೇಸಿಗೆ ಎರಡು ಮನೆಯವರೂ ಸಿಲ್ವರ್ ಮರದ ಎಲೆ, ಹಲಸಿನ ಎಲೆ ಗುಡಿಸಿದರು. ಅದು ಸಾಲದೆ ಮಳೆಗಾಲದಲ್ಲಿ ಪಾಳ್ಯದ ಕಡೆಯಿಂದ, ಸರೋಜಳ ತವರಿನಿಂದ, ಭತ್ತದ ಹುಲ್ಲು ತರಿಸಬೇಕಾಯಿತು. ಬಂದ ಹುಲ್ಲನ್ನು ಇಬ್ಬರೂ ಅಂಗಳದಲ್ಲಿ ಸುರಿದುಕೊಂಡು ಹಂಚಿಕೊಂಡರು. ಹಂಚುವಾಗ ಜಗಳವೂ ಆಯಿತು.

ದೊಡ್ಡ ಮಳೆ ಹಿಡಿಯುವವರೆಗೂ ಹಾವು ಗೂಡಿನ ಮೇಲೆ ಇತ್ತು. ನಾನು ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೆಲಸಕ್ಕೆ ಹೋಗತೊಡಗಿದ ಮೇಲೆ ಎಂದೋ ಹೊರಟು ಹೋಯಿತು. ಮರಿಗಳನ್ನು ನಾವು ಯಾರೂ ನೋಡಲಿಲ್ಲ. ಮಳೆ ಬಿಟ್ಟ ಮೇಲೆ ಗುಡ್ಡೆ ಕುಸಿದು, ಅದರೊಳಗೆ ಒಡೆದ ಮೊಟ್ಟೆಯ ಸುಕ್ಕು ಸಿಪ್ಪೆಗಳು ಸಿಕ್ಕವು. ಇವತ್ತಿಗೂ ಬಿಸಿಲಿಗೆ ಒಣ ಎಲೆಯೊಳಗೆ ಹಾವುರಾಣಿ ಹರಿದ ಸದ್ದಿಗೆ ನನ್ನ ಕೈ ಕುರ್ಚಿಯ ತೋಳನ್ನು ಹಿಡಿಯುತ್ತದೆ.

ಅವತ್ತು ಅದನ್ನು ಕಂಡವರು ಐದು ಜನ. ನನ್ನ ಅಣ್ಣ ಮಲ್ಲೇಶ ಮೂರು ವರ್ಷದ ಹಿಂದೆ ಎದೆನೋವಿನಿಂದ ತೀರಿಕೊಂಡ. ರೈಟರ್ ಹೂವಯ್ಯ ಕೆಲಸ ಬಿಟ್ಟು ಆಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರು ರಸ್ತೆಯಿಂದ ಫೋನಿನಲ್ಲಿ ತೆಗೆದ ಫೋಟೋದಲ್ಲಿ ಅವರ ಹೆಬ್ಬೆರಳು ಮತ್ತು ಮೋಡ ಮಾತ್ರ ಇದೆ, ಆದರೆ ಕಣ್ಣಾರೆ ಕಂಡದ್ದನ್ನು ಸರಿಯಾಗಿ ಹೇಳುತ್ತಾರೆ. ನನ್ನ ಹೆಂಡತಿ ಸರೋಜ ಇದ್ದಾಳೆ. ನಾನಿದ್ದೇನೆ. ಸತ್ತರು ಎಂದು ಬಸ್ಸಿನಲ್ಲಿ ಹೇಳಿಸಿಕೊಂಡ ನನ್ನ ಅತ್ತಿಗೆ ಗಿರಿಜಮ್ಮನೂ ಪಕ್ಕದ ಮನೆಯಲ್ಲೇ ಇದ್ದಾರೆ.

ಇದನ್ನು ಬರೆಯುವ ಮುಂಚೆ ಅವರನ್ನು ಕೇಳಿದೆ. ಹಾವಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವರು ನೀವು, ನಾನು ದೂರದಿಂದ ಕಂಡದ್ದರಲ್ಲಿ ತಪ್ಪಿದ್ದರೆ ಹೇಳಿ ಅತ್ತಿಗೆ ಎಂದೆ.

‘ನನ್ನೇನ್ ಕೇಳ್ತೀಯೋ ಲೋಕಿ,’ ಎಂದರು. ‘ನಾನು ಹಾವ್ನ ಎಲ್ಲಿ ನೋಡ್ದೆ? ನಾನು ಸರೋಜನ ಮುಖ ನೋಡ್ತಿದ್ದೆ.’